ಹತ್ತನೇ ನಡೆಯ ಶರಣಾಗತಿ

ಕಿರಿಯರ ಚೆಸ್ ಚಾಂಪಿಯನ್‌ಷಿಪ್‌ಗಳಲ್ಲೂ ಬರ್ಲಿನ್ ರಕ್ಷಣೆಯ 14 ನಡೆಗಳ ಡ್ರಾಗೆ ಪ್ರಬುದ್ಧತೆಯ ಹೆಸರು ಸಿಗುತ್ತಿದೆ. ಆ ಹೆಸರಿಗೆ ಅದು ಅರ್ಹವಲ್ಲ.

ಹೊಗಳುವವರು 2000ರ ಲಂಡನ್ ಪಂದ್ಯವನ್ನು ಮುಂದಿಡುತ್ತಾರೆ. ಕ್ರಾಮ್ನಿಕ್ ಕ್ಯಾಸ್ಪರೊವ್‌ರನ್ನು ತಡೆದದ್ದು ಬರ್ಲಿನ್ನಿಂದಲೇ, ನಿಜ. ಆದರೆ ಅಲ್ಲಿ ರಾಣಿಗಳು ಬೇಗನೆ ಹೋದವು, ಕಪ್ಪು ರಾಜ ಕ್ಯಾಸ್ಲಿಂಗ್ ಕಳೆದುಕೊಂಡ, ಅಲ್ಲಿಂದಲೇ ಕಷ್ಟದ ಕಾವಲು ಶುರುವಾಯಿತು. ಈ 14 ನಡೆಗಳ ಡ್ರಾದಲ್ಲಿ ಆರನೇ ನಡೆಯಲ್ಲೇ ದಾರಿ ಬೇರೆ. ಬಿಳಿ ಇ5ರಲ್ಲಿ ಕಾಲಾಳನ್ನು ಹೊಡೆಯುತ್ತದೆ, ಕಪ್ಪು ಕುದುರೆ ಬಿ5ರ ಒಂಟೆಯನ್ನು ಕೊಲ್ಲುತ್ತದೆ. ಎ4 ಆಡಿದಾಗ ಆ ಕುದುರೆ ಡಿ4ಕ್ಕೆ ಜಿಗಿಯುತ್ತದೆ, ಅಲ್ಲಿ ಹೊಡೆದಾಟ ಮುಗಿದಾಗ ಬಿಳಿ ರಾಣಿ ನಡುಮನೆಯಲ್ಲಿ ಕೂತಿರುತ್ತದೆ.

ಒಂಬತ್ತನೇ ನಡೆಯಲ್ಲಿ ಕಪ್ಪು ಡಿ5 ಆಡುತ್ತದೆ. ನನ್ನ ತಕರಾರೆಲ್ಲ ಇದರ ಉತ್ತರದ ಮೇಲೆ. ಬಿಳಿಯ ಇ5 ಕಾಲಾಳು ಎದುರಾಳಿಯ ನೆಲದಲ್ಲಿ ಊರಿ ನಿಂತಿದೆ. ಕಪ್ಪಿನ ಬಳಿ ಎರಡು ಒಂಟೆಗಳಿವೆ, ಬಿಳಿಯ ಬಳಿ ಒಂದು ಒಂಟೆ, ಒಂದು ಕುದುರೆ. ಹೀಗೆ ಎರಡೂ ಕಡೆ ಬಲ ಬೇರೆಬೇರೆ ಬಗೆಯದಾಗಿರುವಾಗಲೇ ಆಟ ಹುಟ್ಟಬೇಕು. ಬಿ1ರ ಕುದುರೆ ಸಿ3ಕ್ಕೆ ಬಂದು ಡಿ5ನ್ನು ಒತ್ತಬಹುದು. ಗೆಲುವಿನ ಖಾತ್ರಿಯಿಲ್ಲ, ಹೋರಾಟವಂತೂ ಇದೆ. ಬಿಳಿ ಮಾಡುವುದೇನು? ಆನ್ ಪಾಸಾಂತ್ ನಿಯಮದಡಿ ಡಿ5ನ್ನು ಹೊಡೆದು, ಡಿ6ಕ್ಕೆ ಬಂದ ತನ್ನ ಇ5 ಕಾಲಾಳನ್ನು ಕಪ್ಪು ರಾಣಿಗೆ ತಾನೇ ಕಳೆದುಕೊಳ್ಳುತ್ತದೆ. ಎರಡೂ ಕಡೆ ಆರಾರು ಕಾಲಾಳು. ಮುಂದೆ ಬಿಳಿ ರಾಣಿ ಇ4ಕ್ಕೆ ಬಂದು ಷಹ, ಕಪ್ಪು ರಾಣಿ ಇ6ಕ್ಕೆ ಬಂದು ಅಡ್ಡ, ಮತ್ತೆ ಬಿಳಿ ರಾಣಿ ಡಿ4ಕ್ಕೆ, ಕಪ್ಪು ರಾಣಿ ಡಿ6ಕ್ಕೆ. ಅದೇ ಸ್ಥಿತಿ ಮೂರು ಸಲ ಬಂದರೆ ಡ್ರಾ. ಬಿಳಿಯ ಬಿ1 ಕುದುರೆ, ಸಿ1 ಒಂಟೆ ಕದಲಲೇ ಇಲ್ಲ. ಕಪ್ಪಿನ ಎರಡು ಒಂಟೆ, ಎರಡು ಆನೆಗಳೂ ಅಷ್ಟೇ.

ಡ್ರಾ ಪ್ರಸ್ತಾಪವನ್ನು ನಿಷೇಧಿಸಿದರೆ ಸಾಕು ಎನ್ನುವ ವಿಮರ್ಶಕರ ಮಾತೂ ನನಗೆ ಒಪ್ಪಿಗೆಯಿಲ್ಲ. 2005ರಲ್ಲಿ ಸೋಫಿಯಾದಲ್ಲಿ ಬಂದ ಆ ನಿಯಮ ಇಲ್ಲಿ ನಿಷ್ಪ್ರಯೋಜಕ. ಯಾರೂ ಪ್ರಸ್ತಾಪಿಸುವುದೇ ಇಲ್ಲವಲ್ಲ, ಮರುಕಳಿಕೆಯೇ ಡ್ರಾ ಕೊಡಿಸುತ್ತದೆ. ಅರ್ಧ ಅಂಕ ಪ್ರಶಸ್ತಿ ಉಳಿಸುತ್ತದೆ ಎನ್ನುವವರ ಲೆಕ್ಕ ಸರಿಯಿರಬಹುದು. ಅಂಕಪಟ್ಟಿಯ ಆ ಲೆಕ್ಕವನ್ನು ಆಟದ ಗುಣವೆಂದು ಹೇಳುವುದು ತಪ್ಪು.

ಡ್ರಾ ಎಂದರೆ ಕೀಳು ಎಂದು ಯಾರೂ ನನ್ನ ಬಾಯಲ್ಲಿ ಹೇಳಿಸಬೇಡಿ. 2004ರಲ್ಲಿ ರೇಕ್ಯಾವಿಕ್‌ನ ರ‍್ಯಾಪಿಡ್ ಪಂದ್ಯದಲ್ಲಿ 13 ವರ್ಷದ ಕಾರ್ಲ್‌ಸನ್ ಕ್ಯಾಸ್ಪರೊವ್‌ರನ್ನು ಸಂಕಟಕ್ಕೆ ಸಿಲುಕಿಸಿ ಡ್ರಾ ಮಾಡಿಕೊಂಡ. ಎಳೆಯರಿಗೆ ಪಾಠವಾಗಿ ಕೊಡಬೇಕಾದ ಡ್ರಾ ಅದು. ಬರ್ಲಿನ್ನನ್ನು ಕಲಿಸುವ ತರಬೇತುದಾರರು ಒಂಬತ್ತನೇ ನಡೆಯಲ್ಲಿ ಹಲಗೆಯನ್ನು ನಿಲ್ಲಿಸಿ, ಇ5 ಕಾಲಾಳನ್ನು ಉಳಿಸಿಕೊಂಡೇ ಮುಂದೆ ಆಡಿಸಲಿ.