ಕ್ಷೀಣ ಯುರೇನಿಯಂ ಮತ್ತು ಹಿಂಸಾದಾನ

ಯುರೇನಿಯಂ ಗುಂಡುಗಳನ್ನು ಕುರಿತ ಬರಹಗಳಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2001ರಲ್ಲಿ ಪ್ರಕಟಿಸಿದ ಕೊಸೊವೊ ವರದಿಗೆ ಗೌರವದ ಸ್ಥಾನವಿದೆ. ಅದರಲ್ಲಿ ಉದ್ವೇಗವಿಲ್ಲ, ಅಳೆದದ್ದನ್ನಷ್ಟೇ ಹೇಳುತ್ತದೆ. ಆದರೂ ಶ್ರಾವಕಾಚಾರದ ದೃಷ್ಟಿಯಿಂದ ಓದಿದಾಗ ಅದರ ಲೆಕ್ಕ ಅಪೂರ್ಣವೆನಿಸುತ್ತದೆ.

ನಿಸರ್ಗದ ಯುರೇನಿಯಂನಲ್ಲಿ ಯುರೇನಿಯಂ-235ರ ಅಂಶ ಶೇಕಡಾ 0.7. ಅಣುಸ್ಥಾವರಗಳಿಗಾಗಿ ಅದನ್ನು ಪ್ರತ್ಯೇಕಿಸಿದ ಮೇಲೆ, ಸುಮಾರು 0.2ರಷ್ಟೇ ಆ ಅಂಶವಿರುವ ಶೇಷವೇ ಕ್ಷೀಣ ಯುರೇನಿಯಂ. ‘ಕ್ಷೀಣ’ವೆಂಬ ವಿಶೇಷಣಕ್ಕೆ ಮರುಳಾಗಬಾರದು; ವಿಕಿರಣ ತಗ್ಗಿದರೂ ಭಾರಲೋಹದ ವಿಷಗುಣ ತಗ್ಗುವುದಿಲ್ಲ, ಮೂತ್ರಪಿಂಡಕ್ಕೆ ಅದು ಹಾನಿಕರ. ಫ್ಲೋರೈಡ್ ರೂಪದಲ್ಲಿರುವ ಈ ಶೇಷವನ್ನು ಮುಚ್ಚಿದ ಪಾತ್ರೆಯಲ್ಲಿ ಮೆಗ್ನೀಸಿಯಂನೊಡನೆ ಕಾಯಿಸಿ ಲೋಹ ಪಡೆಯುತ್ತಾರೆ. ಅದಕ್ಕೆ ಶೇಕಡಾ 0.75ರಷ್ಟು ಟೈಟಾನಿಯಂ ಬೆರೆಸಿ, ನಿರ್ವಾತದಲ್ಲಿ ಕರಗಿಸಿ, ಸರಳಾಗಿಸುತ್ತಾರೆ. ಸೀಸಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಸಾಂದ್ರವಾದ ಈ ಸರಳು ಉಕ್ಕಿನ ಕವಚವನ್ನು ಭೇದಿಸುವಾಗ ಮೊಂಡಾಗದೆ ತಾನೇ ಹರಿತಗೊಳ್ಳುತ್ತದೆ. ಸಿಡಿದ ಚೂರುಗಳು ಹೊತ್ತಿ ಉರಿದು ಸೂಕ್ಷ್ಮ ಧೂಳಾಗುತ್ತವೆ. ಟಂಗ್‌ಸ್ಟನ್ನಿಗೆ ಬೆಲೆ ತೆರಬೇಕು. ಇದಾದರೋ ದಾಸ್ತಾನಿನಲ್ಲಿ ಬಿದ್ದಿದ್ದ ಹೊರೆ. ಹೊರೆಯನ್ನು ಸರಕಾಗಿಸುವ ಆಕರ್ಷಣೆ ವರ್ತಕರಿಗೆ ಬಿಡಿಸಿ ಹೇಳಬೇಕಾದುದಲ್ಲ.

1999ರಲ್ಲಿ ಅಮೆರಿಕದ ಎ-10 ವಿಮಾನಗಳು ಕೊಸೊವೊದಲ್ಲಿ ಇಂಥ ಸುಮಾರು 31,000 ಗುಂಡುಗಳನ್ನು ಹಾರಿಸಿದವು. ಒಂದೊಂದರಲ್ಲಿ ಸುಮಾರು 300 ಗ್ರಾಂ ಲೋಹ. ಗುಣಿಸಿದರೆ 9 ಟನ್ನಿಗೂ ಮೇಲು. 2000ದ ನವೆಂಬರಿನಲ್ಲಿ 11 ಸ್ಥಳಗಳನ್ನು ಪರೀಕ್ಷಿಸಿದ ತಂಡಕ್ಕೆ ವ್ಯಾಪಕ ಮಾಲಿನ್ಯ ಕಾಣಲಿಲ್ಲ. ಹೂತುಹೋದ ಸರಳುಗಳಿಂದ ಮುಂದೆ ಅಂತರ್ಜಲ ಕೆಡಬಹುದೆಂದು ಮಾತ್ರ ಎಚ್ಚರಿಸಿತು. ಇದು ಪ್ರಾಮಾಣಿಕ ತೀರ್ಮಾನ. ಇದನ್ನು ಮರೆಮಾಚಿ ಭೀತಿ ಹಬ್ಬಿಸುವ ಬರಹಗಳು ಸತ್ಯಾಣುವ್ರತಕ್ಕೆ ಎರವಾಗುತ್ತವೆ.

ಆದರೆ ಯುದ್ಧ ನಿಂತದ್ದು 1999ರ ಜೂನ್‌ನಲ್ಲಿ. ಗುಂಡು ಬಿದ್ದ ಸ್ಥಳಗಳ ವಿವರ ವಿಶ್ವಸಂಸ್ಥೆಗೆ ದೊರೆತದ್ದು 2000ದಲ್ಲಿ. ನಿರಾಶ್ರಿತರು ಅಷ್ಟರಲ್ಲಾಗಲೇ ಊರುಗಳಿಗೆ ಮರಳಿದ್ದರು. ಬಲ್ಲವರು ಹೇಳದೆ ಉಳಿದ ಈ ವಿಳಂಬಕ್ಕೆ ಜೈನಶಾಸ್ತ್ರದಲ್ಲಿ ಪ್ರಮಾದವೆಂದು ಹೆಸರು. ಪ್ರಮಾದವಿದ್ದಲ್ಲಿ ಜೀವ ಸಾಯಲಿ, ಸಾಯದಿರಲಿ, ಹಿಂಸಾದೋಷ ತಪ್ಪದು. ಮನುಷ್ಯದೇಹಕ್ಕೆ ತಗಲುವ ಪ್ರಮಾಣವನ್ನೇ ಮುಖ್ಯ ಅಳತೆಗೋಲಾಗಿಸಿಕೊಂಡ ವರದಿಗೆ ಈ ದೋಷ ಎಟುಕುವುದಿಲ್ಲ. ಪೃಥ್ವೀಕಾಯ, ಅಪ್ಕಾಯ ಜೀವಗಳ ಮಾತಂತೂ ಅಲ್ಲಿ ನಿರೀಕ್ಷಿಸುವಂತಿಲ್ಲ.

ದೇಶರಕ್ಷಣೆಯ ವಿರೋಧಿ ಹಿಂಸೆ ಗೃಹಸ್ಥನಿಗೆ ಅನಿವಾರ್ಯವೆಂಬ ವಾದವುಂಟು. ಅದು ಎದುರು ನಿಂತ ಶತ್ರುವಿನ ಮಟ್ಟಿಗೆ ಸಲ್ಲಬಹುದು; ಮುಂದಿನ ತಲೆಮಾರಿನ ಬಾವಿಗೆ ಸಲ್ಲದು. ತಯಾರಕನಿಗಂತೂ ಆ ಆಸರೆಯೂ ಇಲ್ಲ. ರತ್ನಕರಂಡಕ ಶ್ರಾವಕಾಚಾರವು ಹಿಂಸೆಯ ಸಾಧನಗಳನ್ನು ಒದಗಿಸುವುದನ್ನೇ ಹಿಂಸಾದಾನವೆಂದು ಎಣಿಸಿ, ಆಯುಧವನ್ನೂ ವಿಷವನ್ನೂ ಬೇರೆಬೇರೆಯಾಗಿ ಹೆಸರಿಸಿದೆ. ಇಲ್ಲಿ ಎರಡೂ ಒಂದೇ ಸರಳಿನಲ್ಲಿವೆ. ಶೇರುನಿಧಿಗಳಲ್ಲಿ ಹಣ ತೊಡಗಿಸುವ ಶ್ರಾವಕ ಕುಟುಂಬಗಳು ಮದ್ಯಮಾಂಸದ ಕಂಪನಿಗಳನ್ನು ಹುಡುಕಿ ದೂರವಿಡುತ್ತವೆ. ಶಸ್ತ್ರ ತಯಾರಿಸುವ ಕಂಪನಿಗಳ ಹೆಸರನ್ನು ಅಷ್ಟೇ ಶ್ರದ್ಧೆಯಿಂದ ಹುಡುಕುವವರು ವಿರಳ.