ಕರೆಗೆ ಓಗೊಡುವ ಕಿವಿ

ಹೊಸದಾಗಿ ದೋಣಿ ಕೊಂಡವರು ಹಾಯಿಯ ಬಗ್ಗೆ ಕೇಳುತ್ತಾರೆ, ಎಂಜಿನ್ ಬಗ್ಗೆ ಕೇಳುತ್ತಾರೆ. ರೇಡಿಯೊ ವಿಚಾರ ಕಟ್ಟಕಡೆಗೆ ಬರುತ್ತದೆ. ನನ್ನ ಮಟ್ಟಿಗೆ ವಿಎಚ್‌ಎಫ್ ರೇಡಿಯೊದಲ್ಲಿ ಆಪತ್ತಿನ ಕರೆ ಬರುವ 16ನೇ ಚಾನೆಲ್ ಲಂಗರಿನಷ್ಟೇ ಮುಖ್ಯ. ಅದು ನಾವು ಕೂಗಿಕೊಳ್ಳುವುದಕ್ಕೆ ಮಾತ್ರವಲ್ಲ, ಇನ್ನೊಬ್ಬರ ಕೂಗು ಕೇಳುವುದಕ್ಕೂ ಇರುವಂಥದ್ದು.

1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್‌ಗೆ ಹತ್ತಿರದಲ್ಲೇ ಇದ್ದ ಕ್ಯಾಲಿಫೋರ್ನಿಯನ್ ಹಡಗಿನ ಏಕೈಕ ವೈರ್‌ಲೆಸ್ ಆಪರೇಟರ್ ಯಂತ್ರ ಆರಿಸಿ ಮಲಗಿದ್ದ. ದೂರದ ಕಾರ್ಪೇಥಿಯಾ ಹಡಗಿನಲ್ಲಿ ಆಪರೇಟರ್ ಹೆರಾಲ್ಡ್ ಕಾಟಮ್ ಮಲಗಲು ಬಟ್ಟೆ ಬದಲಿಸುತ್ತಿದ್ದರೂ ಹೆಡ್‌ಫೋನ್ ಕಿವಿಯಲ್ಲೇ ಇತ್ತು; ಟೈಟಾನಿಕ್‌ನ ಆಪತ್ತಿನ ಕರೆ ಕೇಳಿಸಿತು. ಆ ಒಂದು ಕಿವಿಯಿಂದ ಏಳುನೂರಕ್ಕೂ ಹೆಚ್ಚು ಜನ ಬದುಕಿದರು.

ಇಂದು ಕ್ರಮ ಸ್ಪಷ್ಟವಾಗಿದೆ. ಆಪತ್ತಿಗೆ ಸಿಕ್ಕವರು ಮೂರು ಸಲ ‘ಮೇಡೇ’ ಎಂದು, ದೋಣಿಯ ಹೆಸರು ಮೂರು ಸಲ ಹೇಳಿ, ಇರುವ ಜಾಗ, ಬಂದ ಅಪಾಯ, ಬೇಕಾದ ನೆರವು, ಜನ ಎಷ್ಟು ಎಂಬುದನ್ನು ತಿಳಿಸುತ್ತಾರೆ. ಕೇಳಿಸಿಕೊಂಡವರು ತಮ್ಮ ಮಾತು ನಿಲ್ಲಿಸಬೇಕು. ಪೆನ್ಸಿಲ್ ಹಿಡಿದು ಜಾಗ ಬರೆದುಕೊಳ್ಳಬೇಕು. ದಡದ ರಕ್ಷಣಾ ಕೇಂದ್ರ ಉತ್ತರಿಸಲು ತುಸು ಹೊತ್ತು ಬಿಡಬೇಕು. ಯಾರೂ ಓಗೊಡದಿದ್ದರೆ ತಾವೇ ಓಗೊಟ್ಟು, ‘ಮೇಡೇ ರಿಲೇ’ ಎಂದು ಆ ಕರೆಯನ್ನು ಮುಂದಕ್ಕೆ ದಾಟಿಸಬೇಕು.

ಹಡಗಿನ ನಾಯಕ ತನ್ನ ಹಡಗಿಗೂ ಜನರಿಗೂ ಗಂಭೀರ ಅಪಾಯವಾಗದ ಮಟ್ಟಿಗೆ ನೆರವಿಗೆ ಧಾವಿಸಬೇಕೆಂದು ವಿಶ್ವಸಂಸ್ಥೆಯ ಸಮುದ್ರ ಕಾನೂನಿನ 98ನೇ ವಿಧಿ ಹೇಳುತ್ತದೆ. ಹಾಯಿದೋಣಿ ಪಂದ್ಯಗಳ ನಿಯಮಾವಳಿ ಶುರುವಾಗುವುದೇ ಇಲ್ಲಿಂದ: ಅಪಾಯದಲ್ಲಿರುವವರಿಗೆ ಸಾಧ್ಯವಾದ ಎಲ್ಲ ನೆರವು ಕೊಡಬೇಕು. ಗೆಲುವಿನ ಮಾತು ಆಮೇಲೆ.

2018ರ ಸೆಪ್ಟೆಂಬರ್‌ನಲ್ಲಿ, ಗೋಲ್ಡನ್ ಗ್ಲೋಬ್ ಹಾಯಿದೋಣಿ ಪಂದ್ಯದ ನಡುವೆ, ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಕೂವೆಮರ ಮುರಿದು, ಬೆನ್ನಿಗೆ ಪೆಟ್ಟಾಗಿ ಏಳಲಾರದೆ ಮಲಗಿದ್ದರು. ಅದೇ ಬಿರುಗಾಳಿಯಲ್ಲಿ ಐರ್ಲೆಂಡಿನ ಪ್ರತಿಸ್ಪರ್ಧಿ ಗ್ರೆಗರ್ ಮೆಕ್‌ಗಕಿನ್ ಅವರ ದೋಣಿಯ ಕೂವೆಮರವೂ ಮುರಿದಿತ್ತು. ಆದರೂ ಅವರು ತಾತ್ಕಾಲಿಕ ಹಾಯಿ ಕಟ್ಟಿಕೊಂಡು ಟೋಮಿಯವರತ್ತ ಹೊರಟರು. ಮೊದಲು ತಲುಪಿದ್ದು ಫ್ರಾನ್ಸಿನ ಮೀನುಗಾರಿಕಾ ಗಸ್ತು ಹಡಗು ಒಸಿರಿಸ್. ಸೆಪ್ಟೆಂಬರ್ 24ರಂದು ಟೋಮಿಯವರನ್ನು ಅದು ಎತ್ತಿಕೊಂಡಿತು. ಮೆಕ್‌ಗಕಿನ್ ಅವರ ಆ ಹೊರಡುವಿಕೆ ನನಗೆ ಯಾವ ಟ್ರೋಫಿಗಿಂತಲೂ ದೊಡ್ಡದು.

ಮಲ್ಪೆಯಿಂದಲೋ ಮಂಗಳೂರಿನಿಂದಲೋ ದೋಣಿ ಇಳಿಸುವ ಗೆಳೆಯರೇ, ಕರಾವಳಿ ರಕ್ಷಣಾ ಪಡೆಯ ಸಹಾಯವಾಣಿ ಸಂಖ್ಯೆ 1554 ಅನ್ನು ನೆನಪಿಡಿ. ಹೊರಡುವಾಗ 16ನೇ ಚಾನೆಲ್ ಹಾಕಿ, ದನಿ ಕೇಳಿಸುವಷ್ಟು ಏರಿಸಿ, ಮರಳುವ ತನಕ ಆರಿಸಬೇಡಿ.