ಗಾಳಿ ಓಡ್ತಿಲ್ಲ, ಗೆರೆ ಓಡ್ತಿದೆ

ಬಂಗಾಳ ಕೊಲ್ಲಿಯಲ್ಲಿ ಏನೋ ಒಂದು ಸುತ್ತೋಕೆ ಶುರುವಾದರೆ ಸಾಕು, ಆಫೀಸಿನ ವಾಟ್ಸಾಪ್ ಗ್ರೂಪಿಗೆ ಸ್ಕ್ರೀನ್‌ಶಾಟ್ ಬಂದು ಬೀಳುತ್ತೆ. ಬಣ್ಣಬಣ್ಣದ ಸಮುದ್ರ, ನಡುವೆ ಒಂದು ಸುಳಿ, ಕೆಳಗೆ ‘ವೀಕೆಂಡ್ ಪ್ಲಾನ್ ಕ್ಯಾನ್ಸಲ್’ ಅನ್ನೋ ಘೋಷಣೆ. ಚಿತ್ರ ಬಂದಿದ್ದು ಒಂದೋ ವಿಂಡಿಯಿಂದ, ಇಲ್ಲಾಂದ್ರೆ ನಲ್‌ಸ್ಕೂಲ್‌ನಿಂದ. ವೆಬ್ ಸೀರೀಸಿಗೆಲ್ಲ ವಿಮರ್ಶೆ ಬರೀತೀವಿ, ದಿನಾ ನೋಡೋ ಈ ನಕಾಶೆಗಳಿಗೆ ಯಾರೂ ಬರೆಯಲ್ಲ. ಇವೂ ಕೃತಿಗಳೇ. ಇವಕ್ಕೂ ಒಂದು ಶೈಲಿ ಇದೆ, ಆ ಶೈಲಿಯೊಳಗೆ ಒಂದು ಮರೆಮಾಚುವಿಕೆಯೂ ಇದೆ.

ಮೊದಲು ಮೆಚ್ಚುಗೆ. 2012ರಲ್ಲಿ ಫರ್ನಾಂಡಾ ವಿಯೇಗಸ್ ಮತ್ತು ಮಾರ್ಟಿನ್ ವಾಟೆನ್‌ಬರ್ಗ್ ಅಮೆರಿಕದ ಗಾಳಿಯನ್ನು ಬಿಳಿ ಗೆರೆಗಳಲ್ಲಿ ಹರಿಸಿದರು. ಮರುವರ್ಷ ಕ್ಯಾಮರಾನ್ ಬೆಕಾರಿಯೋ ಅದನ್ನು ಇಡೀ ಭೂಗೋಳಕ್ಕೆ ಹಬ್ಬಿಸಿದ್ದೇ ನಲ್‌ಸ್ಕೂಲ್. 2014ರಲ್ಲಿ ಜೆಕ್ ದೇಶದ ಇವೋ ಲುಕಾಚೋವಿಚ್ ವಿಂಡಿ ತಂದರು. ಅಲ್ಲಿವರೆಗೆ ಹವಾಮಾನ ನಕಾಶೆ ಅಂದ್ರೆ ಶಾಲೆಯ ಅಟ್ಲಾಸಿನ ಸಮಭಾರ ರೇಖೆಗಳು, ಪರೀಕ್ಷೆ ಮುಗಿದ ದಿನವೇ ಮರೆತುಹೋಗುವಂಥವು. ಈಗ ಜೂನ್ ತಿಂಗಳಲ್ಲಿ ನಲ್‌ಸ್ಕೂಲ್ ತೆರೆದರೆ, ಸೊಮಾಲಿಯಾದ ಕರಾವಳಿಗೆ ಒತ್ತಿಕೊಂಡು ಮೇಲೆದ್ದು, ಅರಬ್ಬೀ ಸಮುದ್ರ ದಾಟಿ, ನೇರ ಪಶ್ಚಿಮ ಘಟ್ಟಕ್ಕೆ ಬಂದು ಬಡಿಯೋ ಗಾಳಿ ಕಾಣುತ್ತೆ. ಮುಂಗಾರು ಅಂದ್ರೆ ಏನು ಅಂತ ಯಾವ ಪಾಠವೂ ಇಷ್ಟು ಚೆನ್ನಾಗಿ ಹೇಳಿಲ್ಲ.

ಆದರೆ ಆ ಗೆರೆಗಳನ್ನ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ. ಕೆಲವೇ ಸೆಕೆಂಡಿನಲ್ಲಿ ಅಷ್ಟು ದೂರ ಹರಿಯೋ ಗಾಳಿ ಎಲ್ಲಿದೆ? ನಾವು ನೋಡ್ತಿರೋದು ವಿಡಿಯೋ ಅಲ್ಲ. ಒಂದು ಕ್ಷಣದ ಗಾಳಿಯನ್ನ ಹೆಪ್ಪುಗಟ್ಟಿಸಿ, ಅದರ ಮೇಲೆ ಚುಕ್ಕಿಗಳನ್ನ ಓಡಿಸಿದ್ದಾರೆ ಅಷ್ಟೇ. ಸಮಯದ ಪಟ್ಟಿಯನ್ನ ನೀವೇ ಸರಿಸೋವರೆಗೂ ಗಡಿಯಾರ ನಿಂತೇ ಇರುತ್ತೆ. ಆ ‘ಕ್ಷಣ’ವೂ ಯಾರೋ ಕಣ್ಣಾರೆ ಕಂಡದ್ದಲ್ಲ, ಸೂಪರ್‌ಕಂಪ್ಯೂಟರ್ ಲೆಕ್ಕ ಹಾಕಿ ಕೊಟ್ಟದ್ದು. ಅಮೆರಿಕದ ಜಿಎಫ್‌ಎಸ್ ಮಾಡೆಲ್ ದಿನಕ್ಕೆ ನಾಲ್ಕು ಸಲ ಓಡುತ್ತೆ. ಅದರ ಒಂದು ಲೆಕ್ಕದ ಆರಂಭ ನಮ್ಮ ಬೆಳಗಿನ 5.30ರ ಸ್ಥಿತಿ, ಮುಗಿದು ಫೋನಿಗೆ ಬರೋಷ್ಟರಲ್ಲಿ ಕೆಲವು ಗಂಟೆ ಕಳೆದಿರುತ್ತೆ. ಇದು ಮುನ್ಸೂಚನೆ ಅಂತ ನಲ್‌ಸ್ಕೂಲ್ ತನ್ನ ವಿವರಣೆಯಲ್ಲಿ ಪ್ರಾಮಾಣಿಕವಾಗಿಯೇ ಹೇಳಿಕೊಂಡಿದೆ. ಆದರೆ ವಿವರಣೆ ಓದೋರು ಯಾರು? ಕಣ್ಣು ನಂಬೋದು ಓಡೋ ಗೆರೆಯನ್ನ.

ಎರಡನೇ ತಕರಾರು ನಯದ ಬಗ್ಗೆ. ಮಾಡೆಲ್ ಪ್ರಪಂಚವನ್ನ ಚೌಕಗಳಾಗಿ ಕತ್ತರಿಸುತ್ತೆ: ಯೂರೋಪಿನದು ಸುಮಾರು 9 ಕಿಲೋಮೀಟರ್ ಅಗಲದ ಚೌಕ, ಜಿಎಫ್‌ಎಸ್‌ನದು 13. ಹಳೇ ಬಿಬಿಎಂಪಿ ವ್ಯಾಪ್ತಿ 700 ಚಿಲ್ಲರೆ ಚದರ ಕಿಲೋಮೀಟರ್. ಅಂದ್ರೆ ಇಡೀ ಬೆಂಗಳೂರು ಮೊದಲನೆಯದರಲ್ಲಿ ಹೆಚ್ಚುಕಮ್ಮಿ ಒಂಬತ್ತು ಚೌಕ, ಎರಡನೆಯದರಲ್ಲಿ ನಾಲ್ಕು. ವೈಟ್‌ಫೀಲ್ಡಿನಲ್ಲಿ ಅಂಡರ್‌ಪಾಸ್ ಮುಳುಗಿರುವಾಗ ರಾಜಾಜಿನಗರದಲ್ಲಿ ಬಟ್ಟೆ ಒಣಗ್ತಿರುತ್ತಲ್ಲ, ಆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಮೋಡ ಎಷ್ಟೋ ಸಲ ಒಂದು ಚೌಕಕ್ಕಿಂತಲೂ ಚಿಕ್ಕದು. ಮಾಡೆಲ್ಲಿಗೆ ಅದು ಬಿಡಿಯಾಗಿ ಕಾಣಲ್ಲ. ಈ ಚೌಕದಲ್ಲಿ ಒಟ್ಟಾರೆ ಇಷ್ಟು ಮಳೆ ಆಗಬಹುದು ಅಂತ ಒಂದು ಅಂದಾಜು ಹಾಕುತ್ತೆ. ತಪ್ಪೇನಿಲ್ಲ, ಅದರ ಮಿತಿ ಅದು. ತಪ್ಪು ಆಮೇಲೆ ನಡೆಯುತ್ತೆ. ಆ್ಯಪ್ ಈ ಒರಟು ಚೌಕಗಳ ನಡುವೆ ಬಣ್ಣ ತೀಡಿ, ಬೀದಿ ಬೀದಿಗೂ ಉತ್ತರ ಇದೆ ಅನ್ನೋ ಹಾಗೆ ತೋರಿಸುತ್ತೆ. 2025ರ ಮೇನಲ್ಲಿ ಬಂದ ನಮ್ಮದೇ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಚೌಕವನ್ನ 6 ಕಿಲೋಮೀಟರಿಗೆ ಇಳಿಸಿದೆ. ಒಳ್ಳೇ ಸುದ್ದಿ. ಆದರೂ ನಿಮ್ಮ ಲೇಔಟ್ ಅದಕ್ಕೂ ಚಿಕ್ಕದೇ.

ಇದೆಲ್ಲ ಕ್ಷಮಿಸಬಹುದು. ಮೂರನೆಯದನ್ನ ನಾನು ಕ್ಷಮಿಸಲಾರೆ. ‘ನಮಗೆ ಎಷ್ಟು ಖಚಿತ’ ಅನ್ನೋದು ಮುನ್ಸೂಚಕರ ಹತ್ತಿರ ಇರುವ ಅತ್ಯಂತ ಬೆಲೆಬಾಳುವ ಮಾಹಿತಿ. ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಯೂರೋಪಿಯನ್ ಕೇಂದ್ರ ಒಂದೇ ಹವಾಮಾನವನ್ನ 51 ಸಲ ಲೆಕ್ಕ ಹಾಕುತ್ತೆ, ಆರಂಭದ ಸ್ಥಿತಿಯನ್ನ ಪ್ರತಿ ಸಲ ಒಂಚೂರು ಬದಲಿಸಿ. 51 ಉತ್ತರವೂ ಒಂದೇ ಕಡೆ ಹೋದರೆ ನಂಬಿಕೆ ಜಾಸ್ತಿ, ಚೆಲ್ಲಾಪಿಲ್ಲಿಯಾದರೆ ಕಮ್ಮಿ. ನಕಾಶೆಯಲ್ಲಿ ಕಾಣೋದು ಮಾತ್ರ ಒಂದೇ ಒಂದು ಉತ್ತರ. ನಾಳೆಯ ಸುಳಿಗೂ ಒಂಬತ್ತನೇ ದಿನದ ಸುಳಿಗೂ ಅದೇ ಹೊಳಪು, ಅದೇ ಗತ್ತು.

ಇದರಲ್ಲಿ ಪಣಕ್ಕಿರೋದು ಬರೀ ವೀಕೆಂಡಲ್ಲ. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಎಡಕ್ಕೆ ತಿರುಗಿ ಅಮೆರಿಕದ ತೀರಕ್ಕೆ ಬಡಿಯುತ್ತೆ ಅಂತ ಯೂರೋಪಿನ ಮಾಡೆಲ್ ಸುಮಾರು ಒಂದು ವಾರ ಮೊದಲೇ ಹೇಳಿತು. ಜಿಎಫ್‌ಎಸ್ ಇನ್ನೂ ಕೆಲವು ದಿನ ಅದನ್ನ ಸಮುದ್ರಕ್ಕೇ ಕಳಿಸ್ತಿತ್ತು. ಅದು ನ್ಯೂಜೆರ್ಸಿ ತೀರಕ್ಕೆ ಬಡಿದದ್ದು 29ರಂದು. ಆ ವಾರ ಎರಡರಲ್ಲಿ ಒಂದೇ ನಕಾಶೆ ನೋಡಿದವನಿಗೆ ಇನ್ನೊಂದು ಸಾಧ್ಯತೆ ಇದೆ ಅನ್ನೋದೇ ತಿಳಿಯುತ್ತಿರಲಿಲ್ಲ. ವಿಂಡಿಯಲ್ಲಿ ಮಾಡೆಲ್ ಬದಲಿಸೋ ಬಟನ್ ಇದೆಯಲ್ಲ ಅಂತೀರಾ? ಇದೆ. ನಾವು ಅದನ್ನ ಬಳಸೋ ರೀತಿ ಗೊತ್ತೇ ಇದೆ: ಯಾವ ಮಾಡೆಲ್ ನಮ್ಮ ಕುದುರೆಮುಖ ಟ್ರೆಕ್ಕಿಗೆ ಬಿಸಿಲು ಕೊಡುತ್ತೋ ಅದೇ ನಿಜವಾದ ಮಾಡೆಲ್.

ಈ ವಿದ್ಯೆಯ ಮೂಲಪುರುಷ ಲೂಯಿಸ್ ಫ್ರೈ ರಿಚರ್ಡ್‌ಸನ್ 1910ರ ಮೇ 20ರ ಹವಾಮಾನವನ್ನ ಕೈಯಲ್ಲೇ ಲೆಕ್ಕ ಹಾಕಿದ. ಆರು ಗಂಟೆಯಲ್ಲಿ ವಾಯುಭಾರ 145 ಮಿಲಿಬಾರ್ ಏರುತ್ತೆ ಅಂತ ಉತ್ತರ ಬಂತು. ನಿಜದಲ್ಲಿ ಅದು ಹೆಚ್ಚುಕಮ್ಮಿ ಅಲುಗಾಡಿರಲಿಲ್ಲ. ಆ ತಪ್ಪು ಉತ್ತರವನ್ನ ಆತ 1922ರ ತನ್ನ ಪುಸ್ತಕದಲ್ಲಿ ಹಾಗೇ ಅಚ್ಚು ಹಾಕಿಸಿದ. ಅವನ ಮೊಮ್ಮಕ್ಕಳಂಥ ಈ ಆ್ಯಪ್‌ಗಳಿಗೆ ನಿನ್ನೆ ತಾವು ಏನು ಹೇಳಿದ್ದೆವು ಅಂತ ತೋರಿಸೋ ಉತ್ಸಾಹ ಅಷ್ಟಾಗಿ ಇಲ್ಲ.

ಅಂದ ಹಾಗೆ, ಆ 51 ಉತ್ತರಗಳ ಚಿತ್ರ ಗುಟ್ಟೇನಲ್ಲ. ಯೂರೋಪಿಯನ್ ಕೇಂದ್ರದ ಜಾಲತಾಣದಲ್ಲಿ ಬೆಂಗಳೂರನ್ನ ಆರಿಸಿದರೆ ಮೋಡ, ಮಳೆ, ಗಾಳಿ, ಉಷ್ಣಾಂಶಕ್ಕೆ ಒಂದೊಂದು ಸಾಲು ಪುಟ್ಟ ಡಬ್ಬಿಗಳು ಬರ್ತವೆ, ಪುಕ್ಕಟೆಯಾಗಿ. ಮೊದಲೆರಡು ದಿನದ ಡಬ್ಬಿ ಸಾಮಾನ್ಯವಾಗಿ ಗಿಡ್ಡ, ವಾರ ಕಳೆದ ಮೇಲಿನವು ಉದ್ದುದ್ದ. ನೋಡೋಕೆ ಇಂಜಿನಿಯರಿಂಗ್ ಲ್ಯಾಬ್ ರೆಕಾರ್ಡ್ ಥರ ಇದೆ. ನಮ್ಮ ಗ್ರೂಪಿಗೆ ಇವತ್ತಿನವರೆಗೂ ಅದನ್ನ ಯಾರೂ ಫಾರ್ವರ್ಡ್ ಮಾಡಿಲ್ಲ.